ಟರ್ನಿಪ್ ಹೊಲಕ್ಕೆ ಬಂದ ಜಿಂಕೆ

ಮನೆಯವರು ಉಣ್ಣುವ ಮೊದಲು ಒಂದು ತುತ್ತು ಹೊರಗೆ ಹೋಗಲೇಬೇಕು ಎನ್ನುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ನಮ್ಮಲ್ಲಿ ಹಾಗಿದ್ದವರು ಅಜ್ಜಿ. ಆಗ ನಾವು ಪರದೇಶದಲ್ಲಿ, ಟೌರಂಗಾ ಪಟ್ಟಣದ ಹೊರಗೆ, ಕ್ರೇಗ್ ಅಂಕಲ್ ಅವರ ಹೊಲದಂಚಿನ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನಿಗೆ ಕಿವಿಹಣ್ಣಿನ ಪ್ಯಾಕ್‌ಹೌಸಿನಲ್ಲಿ ಕೆಲಸ. ನನಗೆ ಹತ್ತು ವರ್ಷ. ಆ ಬೇಸಿಗೆಗೆ ಅಜ್ಜಿ ಮೈಸೂರಿನಿಂದ ಬಂದಿದ್ದರು.

ಗೋಗ್ರಾಸ ಇಡದೆ ಅಜ್ಜಿಗೆ ಊಟ ಇಳಿಯುತ್ತಿರಲಿಲ್ಲ. ಹಸುಗಳೇನೋ ಕಣ್ಣೆದುರಿಗೇ ಇದ್ದವು. ಆದರೆ ಅವಕ್ಕೆ ಹೊರಗಿನದೇನನ್ನೂ ತಿನ್ನಿಸಬೇಡಿ ಎಂದು ಅಂಕಲ್ ಹೇಳಿದ್ದರು. ಅಜ್ಜಿ ತುಪ್ಪ ಸವರಿದ ಅನ್ನ, ಬೆಲ್ಲದ ಚೂರು ಒಯ್ದು ಬೇಲಿಯಾಚೆಯ ಕಲ್ಲಿನ ಮೇಲಿಟ್ಟರು. ಒಂದು ಸಂಜೆ ಗುಡ್ಡದ ಕಾಡಿನಿಂದ ಹೆಣ್ಣು ಜಿಂಕೆಯೊಂದು ಇಳಿದು ಬಂದು ಅದನ್ನು ತಿಂದಿತು.

"ಅದು ಹಸು ಅಲ್ಲ ಅಜ್ಜಿ."

"ಹುಲ್ಲು ತಿನ್ನತ್ತೆ ತಾನೆ? ಮೆತ್ತಗೆ ಮಾತಾಡು, ಬೇಜಾರು ಮಾಡ್ಕೊಂಡೀತು."

ಬರಬರುತ್ತಾ ಅಜ್ಜಿ ಅಲ್ಲೇ ನಿಂತಿದ್ದರೂ ಹತ್ತಿರ ಬಂದು ತಿನ್ನತೊಡಗಿತು. ಮೂಗಿನ ಮೇಲೆ ಅಗುಳು ಅಂಟಿಸಿಕೊಂಡೇ ಹೋಗುತ್ತಿತ್ತು. ಹೋಗುವಾಗ ಹಸುಗಳಿಗೆಂದು ಬಿತ್ತಿದ್ದ ಟರ್ನಿಪ್ಪಿಗೂ ಬಾಯಿ ಹಾಕುತ್ತಿತ್ತು.

ಒಂದು ಭಾನುವಾರ ಅಂಕಲ್ ಬಂದು, ಸಂಜೆ ಎಲ್ಲರೂ ಒಳಗೇ ಇರಿ, ಜಿಂಕೆ ಹೊಡೆಯಲು ಬಿಲ್ಲು ತರುತ್ತೇನೆ ಎಂದು ಹೇಳಿಹೋದರು.

"ಡ್ಯಾಡಿ, ಬೇಡ ಅಂತ ಹೇಳಿ," ಎಂದೆ.

"ಹೊಲ ಅವರದು, ಬೆಳೆ ಅವರದು, ಈ ಮನೇನೂ ಅವರದೇ. ಇಲ್ಲಿ ಜಿಂಕೆ ಹೊಡೆಯೋದು ತಪ್ಪೂ ಅಲ್ಲ. ಏನಂತ ಹೇಳ್ಲಿ ಪುಟ್ಟಿ?"

"ಇವತ್ತು ಅನ್ನ ಇಡಲ್ಲ ಬಿಡೋ," ಎಂದರು ಅಜ್ಜಿ. "ಕಾದು ಕಾದು ಹೊರಟುಹೋಗತ್ತೆ. ಅಲ್ಲದೆ ಅದು ಕಾಡುಪ್ರಾಣಿ. ಅವನು ಹತ್ರ ಬರೋವರೆಗೂ ನಿಂತಿರತ್ತಾ?"

ಜಿಂಕೆ ಹೋಗಲಿಲ್ಲ. ಟರ್ನಿಪ್ಪಿನ ನಡುವೆ ಮೇಯುತ್ತಾ ಕಾಯುತ್ತಿತ್ತು. ನಾವು ಅಡುಗೆಮನೆಯ ಕಿಟಕಿಯಲ್ಲಿದ್ದೆವು. ಅಂಕಲ್ ಗಂಬೂಟು ಬಿಚ್ಚಿ ನಮ್ಮ ಗೇಟಿಗೆ ಒರಗಿಸಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಸಣ್ಣ ಸೀಸೆಯಿಂದ ಚಿಟಿಕೆ ಪೌಡರ್ ಉದುರಿಸಿ ಗಾಳಿಯ ದಿಕ್ಕು ನೋಡಿಕೊಂಡು, ಬಗ್ಗಿ ಹೊರಟರು. ಜಿಂಕೆ ತಲೆ ತಗ್ಗಿಸಿದಾಗ ಒಂದು ಹೆಜ್ಜೆ. ಎತ್ತಿದರೆ ಅಲ್ಲೇ ಕಂಬ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು. ಓಡು, ಓಡು ಎಂದಷ್ಟೇ ಉಳಿಯಿತು. ಕೂಗೋಣವೆಂದರೆ ಅಪ್ಪನ ಕೈ ನನ್ನ ಭುಜವನ್ನು ಒತ್ತಿ ಹಿಡಿದಿತ್ತು.

ಜಿಂಕೆ ತಲೆಯೆತ್ತಿ ಅವರನ್ನು ನೋಡಿತು. ಓಡಲಿಲ್ಲ. ಕಿವಿ ಮುಂದಕ್ಕೆ ಮಾಡಿಕೊಂಡು ಅವರ ಕಡೆಗೇ ನಡೆದು ಬಂತು.

ಬಾಣ ಹೋದ ಸದ್ದು ಕೂಡ ನಮಗೆ ಕೇಳಿಸಲಿಲ್ಲ.

ಅಂಕಲ್ ನಮ್ಮ ಪಾಲೆಂದು ಮಾಂಸದ ಪೊಟ್ಟಣ ತಂದರು. ಬೇಡವೆನ್ನಲಾರದೆ ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದರು. ಇಷ್ಟು ವರ್ಷಗಳಲ್ಲಿ ಒಂದು ಜಿಂಕೆಯೂ ತಾನಾಗಿ ಎದುರು ಬಂದಿರಲಿಲ್ಲ ಎಂದು ಅಂಕಲ್ ಬೆರಗಾಗಿದ್ದರು.

"ಏನಂತಾನೆ?" ಅಜ್ಜಿ ನನ್ನನ್ನು ಕೇಳಿದರು.

"ನಥಿಂಗ್, ಅಜ್ಜಿ."

ಅಜ್ಜಿ ಗೋಡೆಗೆ ಒರಗಿದರು. "ಅವನನ್ನ ನಾನೇ ಅಂದ್ಕೊಂಡ್ಬಿಡ್ತು ಕಣೇ."

ಈಗ ನಾನು ನಗರದ ಬಾಟನಿ ಡೌನ್ಸ್ ಬಡಾವಣೆಯಲ್ಲಿದ್ದೇನೆ. ಕೊಳದ ಬಳಿ ನನ್ನ ಮಗಳು ಅಂಗೈಯಲ್ಲಿ ಓಟ್ಸ್ ಹಿಡಿದು ಕರೆದರೆ ಬಾತುಕೋಳಿಗಳು ಒಂದರ ಮೇಲೊಂದು ಬಿದ್ದು ಓಡಿ ಬರುತ್ತವೆ. ಅವಳಿಗೆ ಕಚಗುಳಿ, ನಗು. ಅಜ್ಜಿ ನಿಲ್ಲುತ್ತಿದ್ದ ಹಾಗೆ, ಬರುವ ಪ್ರಾಣಿಯೊಂದನ್ನೇ ನೋಡುತ್ತಾ ನಿಲ್ಲುವುದು ನನಗೆ ಆಗುವುದಿಲ್ಲ. ಸುತ್ತ ಇನ್ಯಾರು ನಿಂತಿದ್ದಾರೆಂದು ಮೊದಲು ನೋಡುತ್ತೇನೆ.