ಬೆಂಕಿಯ ಮುಂದಿನ ಜಾಗ

ಎವರಿಸ್ತೊ ಆಂತಿಲೆಫ್ ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಸೌದೆ ಒಡೆಯುತ್ತಿದ್ದವನು ಕೊಡಲಿಯನ್ನು ಮರದ ದಿಮ್ಮಿಗೆ ಒರಗಿಸಿ ಪಕ್ಕದಲ್ಲಿ ಕೂತನಂತೆ, ಅಷ್ಟೇ. ನಮ್ಮೂರು ಪಾಸೊ ಗ್ರಿಸ್‌ನ ಗಾಳಿಗೆ ಗೋರಿಯ ಮೇಲಿನ ಕಾಗದದ ಹೂಗಳು ಆಗಲೇ ಬಿಳಿಚಿಕೊಂಡಿವೆ ಎಂದು ಅವನ ಹೆಂಡತಿ ಇರ್ಮಾ ಹೇಳಿದಳು. ನನಗೆ ಇನ್ನೂ ಅಲ್ಲಿಗೆ ಹೋಗಲಾಗಿಲ್ಲ.

ಅವನು ರಸ್ತೆ ಇಲಾಖೆಯಲ್ಲಿ ಮಣ್ಣು ಹೆರೆಯುವ ಯಂತ್ರ ಓಡಿಸುತ್ತಿದ್ದ. ಬೇಸಿಗೆಯಲ್ಲಿ ನಮ್ಮ ಜಲ್ಲಿ ರಸ್ತೆಯನ್ನು ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ಸರಿಸುವುದು. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ ಕೆಲಸ. ಇಪ್ಪತ್ತು ವರ್ಷ ಅದು ತಾನಾಗಿ ಮುಂದುವರಿದಿತ್ತು. ಈ ಮಾರ್ಚಿನಲ್ಲಿ ರಾಜಧಾನಿ ಬ್ಯೂನಸ್ ಐರಿಸ್‌ನವರು ಸಾವಿರಾರು ಜನರನ್ನು ಮನೆಗೆ ಕಳಿಸಿದಾಗ ಅವನನ್ನೂ ಕಳಿಸಿದರು.

ಕೆಲಸ ಹೋದದ್ದನ್ನು ಅವನು ತಡೆದುಕೊಂಡ. ನನಗೆ ತಡೆಯಲಾಗದೆ ಹೋದದ್ದು ಊರಿನ ಸಂತೋಷ. ಬೇಕರಿಯ ಸಾಲಿನಲ್ಲಿ ನಾವಿಬ್ಬರೂ ನಿಂತಿದ್ದಾಗ ಟೈರ್ ಅಂಗಡಿಯ ಚಿಚೊ ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಕೂಗಿದ.

"ಏನಪ್ಪಾ ಎವರಿಸ್ತೊ, ಸರ್ಕಾರ ಮೊಲೆ ಬಿಡಿಸ್ತಂತೆ? ಹಲ್ಲಾದ್ರೂ ಬಂದಿದ್ಯೋ?"

"ಬಂದಿದೆ ಕಣೋ. ಅದಕ್ಕೇ ಬ್ರೆಡ್ ತಗೊಳ್ಳೋಕ್ ಬಂದೆ."

ಸಾಲು ನಕ್ಕಿತು. ಚಿಚೊ ನಗಲಿಲ್ಲ. "ಇನ್ಮೇಲೆ ಗೊತ್ತಾಗುತ್ತೆ ಬಿಡು, ಬ್ರೆಡ್ಡಿಗೆ ಎಷ್ಟು ಬೆವರು ಬೇಕು ಅಂತ" ಎಂದ.

ಹೊರಗೆ ಬಂದ ಮೇಲೆ ನಾನು ಚಿಚೊನ ವಂಶವನ್ನೆಲ್ಲ ಬೈದೆ. ಎವರಿಸ್ತೊ ಬಿಸಿ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡ.

"ಬಿಡಿ ಮೇಷ್ಟ್ರೇ. ಉಣ್ಣೆ ತೊಳೆಯೋ ಕಾರ್ಖಾನೆ ಮುಚ್ಚಿದಾಗ ಅವನ ತಮ್ಮ ಊರೇ ಬಿಟ್ಟುಹೋದ. ಸರ್ಕಾರದ ಕೆಲಸದಲ್ಲಿದ್ದ ನಮಗೆ ಆ ತಿಂಗಳೂ ಸಂಬಳ ಬಂತು, ನಾವು ತೆಪ್ಪಗಿದ್ವಿ. ಅವನ ಸಿಟ್ಟು ಸುಳ್ಳಲ್ಲ. ಮನೆ ತಪ್ಪಿ ನಮ್ಮನೆಗೆ ಬಂದಿದೆ, ಅಷ್ಟೇ."

ಅವನು ಸೌದೆ ಒಡೆದ, ಕಂಡವರ ಮನೆಯ ಒಲೆಯ ಹೊಗೆಕೊಳವೆ ಉಜ್ಜಿದ. ಸಂಜೆ ಮುಖದ ಮಸಿ ತೊಳೆದು ಎಂದಿನಂತೆ ಊರಿನ ಕ್ಲಬ್ಬಿಗೆ ಬರುತ್ತಿದ್ದ. ಯಾರೂ ಜಾಗ ಬಿಡದಿದ್ದರೆ ನಿಂತೇ ಇಸ್ಪೀಟು ನೋಡುತ್ತಿದ್ದ.

ಹೀಗಿರುವಾಗ ಮೇ ಒಂದು ಹತ್ತಿರ ಬಂತು. ಕಾರ್ಮಿಕರ ದಿನ ನಮ್ಮ ಕ್ಲಬ್ಬಿನ ಅಂಗಳದಲ್ಲಿ ಊರಿಗೆಲ್ಲ ಕುರಿಮರಿಯ ಊಟ. ಇಡೀ ಮರಿಯನ್ನು ಕಬ್ಬಿಣದ ಶಿಲುಬೆಗೆ ಕಟ್ಟಿ, ಬೆಂಕಿಯ ಪಕ್ಕ ನೆಟ್ಟು, ಬೆಳಗಿನಿಂದ ನಿಧಾನವಾಗಿ ಬೇಯಿಸಬೇಕು. ಬಹಳ ವರ್ಷಗಳಿಂದ ಆ ಬೆಂಕಿಯ ಮುಂದಿನ ಜಾಗ ಎವರಿಸ್ತೊನದು. ಅವನ ಅಪ್ಪ ನಿಲ್ಲುತ್ತಿದ್ದ ಜಾಗವೂ ಅದೇ. ಕ್ಲಬ್ಬಿನ ಸಭೆಯಲ್ಲಿ ಚಿಚೊ ಎದ್ದು, "ಕಾರ್ಮಿಕರ ದಿನ ಅಲ್ವಾ? ಕೆಲಸ ಮಾಡೋನು ನಿಲ್ಲಲಿ. ಈ ಸಲ ನಾನು" ಎಂದ. ಬೇರೆ ಯಾರೂ ಬೇಡವೆನ್ನಲಿಲ್ಲ. ನಾನು ಬೇಡವೆಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಎವರಿಸ್ತೊ ಆ ರಾತ್ರಿ ಮಲಗದೆ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದನೆಂದು ಇರ್ಮಾ ಆಮೇಲೆ ಹೇಳಿದಳು. ಕೆಲಸ ಹೋದ ದಿನವೂ ಅವನು ಹಾಗಿರಲಿಲ್ಲವಂತೆ. ಈ ಊಟಕ್ಕೆ ಹೋಗದಿದ್ದರೆ ಇನ್ನೆಂದೂ ಆ ಅಂಗಳಕ್ಕೆ ಕಾಲಿಡಲಾರೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಹೋಗುವುದು ಬೇಡವೆಂದು ನಾನು ಹೇಳಿದೆ.

"ಹಸಿವಾದ್ರೆ ಏನ್ಮಾಡ್ಲಿ ಮೇಷ್ಟ್ರೇ?" ಎಂದು, ಒಗೆದ ಅಂಗಿ ತೊಟ್ಟು, ಸೊಂಟಕ್ಕೆ ಮಾಂಸ ಕೊಯ್ಯುವ ತನ್ನ ಚಾಕು ಸಿಕ್ಕಿಸಿ ಬಂದ. ಮೊದಲ ಬಾರಿಗೆ ಮೇಜಿನ ಮುಂದೆ ಕೂತ.

ಚಿಚೊಗೆ ಅವಸರ. ಗಾಳಿಯೂ ಜೋರಿತ್ತು. ಅವನು ಶಿಲುಬೆಗಳನ್ನು ಬೆಂಕಿಗೆ ತೀರ ಹತ್ತಿರ ನೆಟ್ಟಿದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ ನಮ್ಮಲ್ಲಿ ಒಬ್ಬನ ಬೆಂಕಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ, ಕೇಳದೆ ಬುದ್ಧಿ ಹೇಳುವಂತೆಯೂ ಇಲ್ಲ. ಜನ ಚಿಚೊನನ್ನು ನೋಡುವುದು ಬಿಟ್ಟು ಎವರಿಸ್ತೊನ ಮುಖ ನೋಡತೊಡಗಿದರು. ಅವನು ಬೇಕೆಂದೇ ಬೆಂಕಿಗೆ ಬೆನ್ನು ತಿರುಗಿಸಿ ಕೂತು, ಇರ್ಮಾಳ ತಟ್ಟೆಗೆ ಈರುಳ್ಳಿ ಹೆಚ್ಚಿದ.

ಮಾಂಸ ಬಂತು. ಹೊರಗೆ ಇದ್ದಿಲು, ಮೂಳೆಯ ಹತ್ತಿರ ರಕ್ತ.

ಮೊದಲ ತುತ್ತು ಬಾಯಿಗೆ ಬಿದ್ದ ಮೇಲೆ ಯಾರಾದರೊಬ್ಬರು 'ಬೇಯಿಸಿದವನಿಗೊಂದು ಚಪ್ಪಾಳೆ!' ಎಂದು ಕೂಗುವುದು ನಮ್ಮ ವಾಡಿಕೆ. ಕೂಗದಿದ್ದರೆ ಮುಖಕ್ಕೆ ಉಗಿದಂತೆ. ಆ ದಿನ ಯಾರೂ ಕೂಗಲಿಲ್ಲ. ಚಿಚೊ ಹೊಗೆಯಲ್ಲಿ ಕೆಂಪಾದ ಕಣ್ಣುಗಳಿಂದ ಒಂದೊಂದೇ ಮೇಜನ್ನು ನೋಡುತ್ತಾ ನಿಂತಿದ್ದ. ನನ್ನ ಪಕ್ಕದವನು ಎವರಿಸ್ತೊನ ಪಕ್ಕೆ ತಿವಿದು, "ನಿನ್ನ ಪರವಾಗಿ ಕುರೀನೇ ಸೇಡು ತೀರಿಸಿಕೊಳ್ತು ನೋಡು" ಎಂದು ಪಿಸುಗುಟ್ಟಿದ.

ಎವರಿಸ್ತೊ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ ಎದ್ದುನಿಂತ.

"ಬೇಯಿಸಿದವನಿಗೊಂದು ಚಪ್ಪಾಳೆ!"

ಸ್ವಲ್ಪ ಹೊತ್ತು ಅವನೊಬ್ಬನೇ ತಟ್ಟಿದ. ಮಸಿ ಕೂತ ದೊಡ್ಡ ಅಂಗೈಗಳ ಸದ್ದು ಅಂಗಳದಲ್ಲಿ ಒಂಟಿಯಾಗಿ ಕೇಳಿಸಿತು. ಆಮೇಲೆ ಇರ್ಮಾ ತಟ್ಟಿದಳು, ಆಮೇಲೆ ನಾನು, ಆಮೇಲೆ ಎಲ್ಲರೂ.

ಚಪ್ಪಾಳೆ ನಿಂತ ಮೇಲೆ ಚಿಚೊ ನೇರ ನಮ್ಮ ಮೇಜಿಗೆ ಬಂದ.

"ನನ್ನ ಗೇಲಿ ಮಾಡ್ತೀಯೇನೋ?"

"ಇಲ್ಲ ಮಾರಾಯಾ. ಬೆಳಗಾಗೋ ಮುಂಚೆಯಿಂದ ಹೊಗೆ ಕುಡಿದಿದ್ದೀಯ. ಅದು ಕೆಲಸ ಅಲ್ವಾ?"

ಚಿಚೊ ಎವರಿಸ್ತೊನ ತಟ್ಟೆಯಲ್ಲಿ ಹಾಗೇ ಉಳಿದಿದ್ದ ಕಪ್ಪು ಪಕ್ಕೆಲುಬನ್ನು ನೋಡಿದ. "ತಿನ್ನೋ ಹಾಗಿದ್ಯಾ?" ಎಂದು ಕೇಳಿದ, ಬೇಕರಿಯಲ್ಲಿ ಕೂಗಿದ ದನಿಯಲ್ಲಲ್ಲ.

"ಹಲ್ಲು ಬಂದಿದೆ ಅಂತ ಆವತ್ತೇ ಹೇಳಿದ್ನಲ್ಲ" ಎಂದ ಎವರಿಸ್ತೊ. "ಇನ್ನೂ ಎರಡು ಮರಿ ಬೆಂಕಿ ಹತ್ರಾನೇ ಇವೆ. ಕೇಳಿದ್ರೆ ಹೇಳ್ತೀನಿ, ಕೇಳದಿದ್ರೆ ಇದನ್ನೇ ತಿಂತೀನಿ."

ಚಿಚೊ ಒಂದು ಸಲ ಬೆಂಕಿಯ ಕಡೆ, ಒಂದು ಸಲ ನೋಡುತ್ತಿದ್ದ ಜನರ ಕಡೆ ತಿರುಗಿದ. ಕೊನೆಗೆ, "ಬಾ" ಎಂದ.

ಅವರಿಬ್ಬರೂ ಹೋಗಿ ಶಿಲುಬೆಗಳನ್ನು ಕಿತ್ತು ಹಿಂದಕ್ಕೆ ನೆಟ್ಟರು. ಎವರಿಸ್ತೊ ಕಡ್ಡಿ ಹಿಡಿದು ಕೆಂಡ ಕೆದಕಲಿಲ್ಲ, ಬೆಂಕಿಯ ಎದುರಿಗೂ ನಿಲ್ಲಲಿಲ್ಲ. ಚಿಚೊನ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ, ಕೈಗಳನ್ನು ಜೇಬಿನಲ್ಲಿಟ್ಟು, ಸಂಜೆಯವರೆಗೂ ನಿಂತಿದ್ದ.