ತಪ್ಪು ಹಿಡಿಯುವ ಕೆಲಸ

ಹೋದ ವಾರ ಗೋಕಾಕದ ನಮ್ಮ ಮನೆಯ ಅಡುಗೆಕೋಣೆಗೆ ಹೊಸ ಫರಸಿಕಲ್ಲು ಹಾಕಿಸಿದೆವು. ಗೌಂಡಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹೊಡೆದು, ಸೊಟ್ಟಗಾಯಿತೆಂದು ನೀರು ಚಿಮುಕಿಸಿ ಅಂಗೈಯಿಂದ ಒರೆಸಿದ. ತೊಯ್ದ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಬೇರೆಯವರಿಗೆ ಆ ವಾಸನೆಯಿಂದ ಸಾಲಿ ನೆನಪಾಗುತ್ತದೆಯಂತೆ. ನನಗೆ ನೆನಪಾಗುವುದು ಮೂಡಲಗಿಯ ಬಾಜೂಮನೆಯ ಬಾಯಾರು, ಮತ್ತು ಅವರ ಹಿತ್ತಲಿನಲ್ಲಿ ನಾನು ಪಟ್ಟ ದಿಗಿಲು...

ನಾವು ಮೂಡಲಗಿಯಲ್ಲಿ ಮನೆ ಮಾಡಿದ ಹೊಸದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಓಣಿಗೆಲ್ಲ ಅವರು ಬಾಯಾರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಸಂಜೆ ಸಾಲಿಯಿಂದ ಬಂದು, ಲಿಂಗಪೂಜೆ ಮುಗಿಸಿ, ಹಣೆಯ ಮೇಲಿನ ವಿಭೂತಿ ಒಣಗುವ ಮೊದಲೇ ಹಿತ್ತಲಿನ ಕರಿ ಕಡಪಾ ಕಲ್ಲಿನ ಮುಂದೆ ಕೂಡುತ್ತಿದ್ದರು. ಸಾಲಿಯಿಂದ ತಂದ ಮುರುಕು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ದೊಡ್ಡ ಚೌಕ ಬರೆದು, ಪೇಪರಿನಲ್ಲಿ ಬಂದ ಸುಡೋಕುವಿನ ಅಂಕಿಗಳನ್ನು ಅದರಲ್ಲಿ ಇಳಿಸಿಕೊಂಡು, ಉಳಿದ ಮನೆಗಳನ್ನು ತುಂಬುತ್ತಿದ್ದರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಮೇಲಿಂದ ಇಣುಕುತ್ತಿದ್ದೆ.

ಒಂದು ದಿನ ಕರೆದೇಬಿಟ್ಟರು. "ಇಣುಕಿ ನೋಡಿದ್ರ ಬರಂಗಿಲ್ಲವಾ, ಬಂದು ಕುಂತರ ಬರತೈತಿ."

ಗಣಿತವೆಂದರೆ ನನಗೆ ಜ್ವರ. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡದ್ದೇ ಅದರ ಕಾಟ ತಪ್ಪಲಿ ಅಂತ. ಇದು ಗಣಿತವೇ ಅಲ್ಲ, ಕೂಡುವುದಿಲ್ಲ, ಕಳೆಯುವುದಿಲ್ಲ ಎಂದು ಅವರು ಪುಸಲಾಯಿಸಿದರು. ಅಡ್ಡಸಾಲಿನಲ್ಲಿ, ಉದ್ದಸಾಲಿನಲ್ಲಿ, ಒಳಗಿನ ಒಂದೊಂದು ಸಣ್ಣ ಚೌಕದಲ್ಲಿ ಒಂದರಿಂದ ಒಂಬತ್ತರ ತನಕ ಪ್ರತಿ ಅಂಕಿ ಒಂದೇ ಸಲ ಬರಬೇಕು, ಅಷ್ಟೇ. ಅಷ್ಟೇ ಅನ್ನುವುದು ಎಷ್ಟು ಸುಲಭ! ನಾನು ಖಾಲಿ ಮನೆ ಕಂಡಲ್ಲಿ ತೋಚಿದ್ದನ್ನು ಬರೆದು ಬಿಡುತ್ತಿದ್ದೆ. ಮೊದಮೊದಲು ಎಲ್ಲ ಚೆಂದ ಕೂಡುತ್ತಿತ್ತು, ಕೊನೆಗೆ ಬಂದಾಗ ಎಂಟರ ಜಾಗದಲ್ಲಿ ಎಂಟು ಬರೆಯಲು ಆಗುತ್ತಿರಲಿಲ್ಲ. ಎಲ್ಲಿ ಎಡವಿದೆ ಎಂದು ಹುಡುಕಿದರೆ ಸಿಗುತ್ತಲೂ ಇರಲಿಲ್ಲ.

"ಅಂದಾಜಿಲೆ ಬರೀಬ್ಯಾಡ," ಅನ್ನುತ್ತಿದ್ದರು. "ಈ ಮನ್ಯಾಗ ಯಾವುದು ಬರತೈತಿ ಅಂತ ಕೇಳಬ್ಯಾಡ. ಯಾವ್ಯಾವು ಬರಂಗಿಲ್ಲ ಅನ್ನೂದನ್ನ ತಗೀತಾ ಹೋಗು. ಉಳದದ್ದನ್ನ ಬರಿ."

ಹಾಗೆ ಒಂದೊಂದನ್ನೇ ತೆಗೆಯುತ್ತ ಹೋಗಿ, ಮೊದಲ ಸಲ ಪೂರ್ತಿ ಚೌಕ ತುಂಬಿದ ದಿನ ನಾನು ಹಿತ್ತಲಿನಲ್ಲೇ ಕುಣಿದೆ. ಬಾಯಾರು ಮಾತ್ರ ನಗಲಿಲ್ಲ. ನನ್ನನ್ನು ಯಾಕೆ ಹಿಡಿದು ಕೂಡಿಸಿದರು ಎನ್ನುವುದನ್ನು ಆಗ ಹೇಳಿದರು.

ಅವರ ತಾಯಿಗೆ ಕೊನೆಗಾಲಕ್ಕೆ ಮರೆವು ಬಂದಿತ್ತು. ಮಕ್ಕಳ ಗುರುತೂ ಉಳಿಯಲಿಲ್ಲ. ಈಗ ತನಗೂ ಅದು ಶುರುವಾಗಿದೆಯೋ ಏನೋ ಎಂಬ ಸಂಶಯ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ನಡುವೆ ಎಲ್ಲೋ ಕೈ ನಿಲ್ಲುತ್ತಿತ್ತಂತೆ. ಎಸ್ಸೆಸ್ಸೆಲ್ಸಿ ವರ್ಗ ಅವರದು.

"ನಾ ಮರತರ ಮರೀಲಿ. ಆದರ ನನ್ನ ತಪ್ಪು ಹುಡುಗೂರ ತಲಿಯಾಗ ಹೋಗಬಾರದು. ದಿನಾ ಸಂಜೀಕ ನಾ ಚೌಕ ತುಂಬತೇನಿ, ನೀ ತಪಾಸಿ ನೋಡು. ತಪ್ಪಾತಂದ್ರ ಮುಖದ ಮ್ಯಾಲ ಹೇಳು. ಅವತ್ತಿಗೆ ನಾ ಕಲಸೂದ ಬಿಡತೇನಿ."

"ನಾನಽ ಯಾಕ್ರಿ ಬಾಯಾರ?"

"ಸಾಲ್ಯಾಗ ಹೇಳಿದ್ರ ಊರತುಂಬ ಆಗತೈತಿ. ನಿನಗ ಸುಳ್ಳ ಹೇಳಾಕ ಬರಂಗಿಲ್ಲ, ಮಾರಿ ಮ್ಯಾಲ ಕಾಣತೈತಿ."

ಉತ್ತರವೇನೋ ಮರುದಿನದ ಪೇಪರಿನಲ್ಲಿ ಬರುತ್ತಿತ್ತು. ಆದರೆ ಅದನ್ನು ನೋಡುವ ಹೊತ್ತಿಗೆ ಅವರು ಮಕ್ಕಳ ಮುಂದೆ ನಿಂತಿರಬೇಕಲ್ಲ. ಹೀಗಾಗಿ ಗಣಿತದಲ್ಲಿ ಪಾಸಾಗಿದ್ದೇ ದೊಡ್ಡದೆಂದುಕೊಂಡಿದ್ದ ನಾನು ಗಣಿತದ ಬಾಯಾರಿಗೆ ಪರೀಕ್ಷಕಿಯಾದೆ. ನಗು ಬರುವ ಸಂಗತಿಯೇ, ಆದರೆ ನನಗೆ ಅಂದಿನಿಂದ ನೆಮ್ಮದಿ ಹೋಯಿತು. ಮಧ್ಯಾಹ್ನ ರೊಟ್ಟಿ ಬಡಿಯುವಾಗಲೇ ಸಂಜೆಯ ಚೌಕ ಕಣ್ಣ ಮುಂದೆ ಬರುತ್ತಿತ್ತು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಸರಿ ಐತ್ರಿ" ಅಂದಮೇಲೆ ಇಬ್ಬರೂ ಉಸಿರು ಬಿಡುತ್ತಿದ್ದೆವು. ಆಮೇಲೆ ಚಹಾ.

ಒಂದು ಸಂಜೆ ಒಂದೇ ಸಾಲಿನಲ್ಲಿ ಎರಡು ಏಳು ಕಂಡವು. ಹೇಳಲಾಗದೆ ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ ಒಂದು ಏಳನ್ನು ಉಗುರಿನಿಂದ ಕೆರೆದರು. ಅದು ಅವರು ಒದ್ದೆ ಬೆರಳಿನಿಂದ ಆಗಲೇ ಒರೆಸಿದ್ದ ಅಂಕಿ. ಕಡಪಾ ಕಲ್ಲು ತೊಯ್ದಾಗ ಬರೆದದ್ದು ಕಾಣುವುದಿಲ್ಲ, ಒಣಗಿದ ಮೇಲೆ ಮತ್ತೆ ಬೆಳ್ಳಗೆ ಎದ್ದು ಬರುತ್ತದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಅಷ್ಟು ನಕ್ಕದ್ದು ಖುಷಿಗಲ್ಲ, ಹೆದರಿಕೆಗೆ... ಅಂದಿನಿಂದ ಅವರು ಒಣ ಅರಿವೆ ಇಟ್ಟುಕೊಂಡರು.

ಚಳಿಗಾಲ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಓಣಿಯ ಮುಂದಿನ ರಸ್ತೆಯಲ್ಲಿ ಸಾಲುಗಟ್ಟಿದ್ದವು. ನಾನು ಹೋದಾಗ ಬಾಯಾರು ಇನ್ನೂ ತುಂಬುತ್ತಲೇ ಇದ್ದರು. ದಿನಕ್ಕಿಂತ ಬಹಳ ಹೊತ್ತಾಗಿತ್ತು. ಹಣೆಯ ಮೇಲೆ ಬೆವರು, ಅದೂ ಆ ಥಂಡಿಯಲ್ಲಿ.

"ಎಲ್ಲಾ ಸಾಲಿನ್ಯಾಗೂ ಒಂದೊಂದು ಮನಿ ಉಳ್ಯಾಕತ್ತೈತಿ. ಯಾವ ಅಂಕಿನೂ ಕೂಡವಲ್ದು," ಅಂದರು.

ನಾನು ಒಂದೊಂದೇ ಸಾಲು ನೋಡಿದೆ. ಯಾವ ಅಂಕಿಯೂ ಎರಡು ಸಲ ಬಂದಿರಲಿಲ್ಲ. ಪೇಪರಿನಲ್ಲೇ ತಪ್ಪು ಅಚ್ಚಾಗಿರಬೇಕೆಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಯಾಕೋ ಸಾಲಿನ ಮನೆಗಳನ್ನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಒಂಬತ್ತು ಇರಬೇಕಾದಲ್ಲಿ ಹತ್ತು ಮನೆಗಳಿದ್ದವು.

ಹೇಳದೆ ಎದ್ದು ಬಂದುಬಿಡಲೇ ಅನ್ನಿಸಿತು. ಅವರು ನನ್ನ ಮುಖ ನೋಡುತ್ತಿದ್ದರು.

"ಬಾಯಾರ... ಗೆರಿ ಒಂದು ಹೆಚ್ಚಿಗಿ ಹೊಡದೀರಿ."

ಅವರು ತುಟಿ ಅಲ್ಲಾಡಿಸುತ್ತ ತಾವೂ ಎಣಿಸಿದರು. ಆಮೇಲೆ ಸೀಮೆಸುಣ್ಣವನ್ನು ಕಲ್ಲಿನ ಮೇಲಿಟ್ಟರು.

"ಅಂಕಿ ಎಲ್ಲಾ ಬರೋಬರಿ ಅದಾವಲ್ಲ?"

"ಅದಾವ್ರಿ."

"ಚೌಕಾನ ತಪ್ಪೈತಿ."

ದಣಿದಿರುತ್ತೀರಿ, ಕತ್ತಲಾಗಿತ್ತು, ಕಣ್ಣು ಮೋಸ ಮಾಡಿದೆ ಎಂದು ನಾನು ಏನೇನೋ ಹೇಳತೊಡಗಿದೆ. "ಸಬೂಬು ಹೇಳಾಕ ನಿನ್ನ ಕುಂದರಿಸಿಲ್ಲವಾ," ಅಂದರು. ಸಿಟ್ಟಿನಿಂದಲ್ಲ. ಎದ್ದು ಎಂದಿನಂತೆ ಚಹಾಕ್ಕಿಟ್ಟರು. ಮರುದಿನವೇ ಹೆಡ್‌ಮಾಸ್ತರರ ಹತ್ತಿರ ಹೋಗಿ ವರ್ಗ ಬಿಟ್ಟುಕೊಟ್ಟರು, ಸ್ವಲ್ಪ ದಿನಕ್ಕೆ ಕೆಲಸವನ್ನೂ. ಓಣಿಯವರು ಸಕ್ಕರೆ ಕಾಯಿಲೆ ಅಂದುಕೊಂಡರು. ನಾನು ಬಾಯಿ ಬಿಡಲಿಲ್ಲ. ಗೋಡೆಯ ಆಚೆ ಹಗಲೆಲ್ಲ ಅವರು ಓಡಾಡುವ ಸಪ್ಪಳ ಕೇಳುವಾಗ ಈ ಆಟ ಯಾಕಾದರೂ ಕಲಿತೆನೋ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಮುಂದೆ ಅವರ ಅಕ್ಕ ಬಂದು ಅವರನ್ನು ಹುಕ್ಕೇರಿಗೆ ಕರೆದುಕೊಂಡು ಹೋದರು. ನಾವೂ ಗೋಕಾಕಕ್ಕೆ ಬಂದೆವು. ಕೆಲವು ವರ್ಷ ಬಿಟ್ಟು ನೋಡಲು ಹೋದಾಗ ಬಾಯಾರಿಗೆ ನನ್ನ ಗುರುತು ಹತ್ತಲಿಲ್ಲ. "ಯಾರ ಮಗಳವಾ?" ಅಂದರು. ಬಸ್ಸಿನಲ್ಲಿ ಓದಲು ತಂದ ಪೇಪರು ತೆಗೆದು ಅವರ ಪಕ್ಕದಲ್ಲೇ ಕುಳಿತು ಚೌಕ ತುಂಬತೊಡಗಿದೆ. ಅವರು ಬಾಗಿ ನೋಡುತ್ತಿದ್ದರು. ನಾನು ಮುಗಿಸಿದಾಗ ಒಂದು ಮನೆಯ ಮೇಲೆ ಬೆರಳಿಟ್ಟರು.

"ಇಲ್ಲಿ ತಪ್ಪೈತಿ ನೋಡವಾ."

ಅಡ್ಡಸಾಲು ನೋಡಿದೆ, ಉದ್ದಸಾಲು ನೋಡಿದೆ, ಸಣ್ಣ ಚೌಕ ನೋಡಿದೆ. ತಪ್ಪು ಇರಲಿ ದೇವರೇ ಎಂದು ಹುಡುಕಿದೆ. ಇರಲಿಲ್ಲ. ಎಲ್ಲ ಸರಿಯಾಗಿತ್ತು.

"ಹೌದ್ರಿ ಬಾಯಾರ, ತಪ್ಪಾಗೇತ್ರಿ," ಅಂದೆ, ಆ ಅಂಕಿಯನ್ನು ಗೀಚಿ ಹಾಕಿದೆ. ಅವರು ಖುಷಿಯಾಗಿ ತಲೆಯಾಡಿಸಿದರು. ನನ್ನ ಮಾರಿಯಲ್ಲಿ ಸುಳ್ಳು ಕಾಣಲಿಲ್ಲವೋ, ಕಂಡರೂ ಓದಲು ಬರಲಿಲ್ಲವೋ...

ಅವರು ತೀರಿಹೋಗಿ ಬಹಳ ವರ್ಷಗಳಾದವು. ಈಗ ನಾನೇ ಆಗಿನ ಅವರ ವಯಸ್ಸಿಗೆ ಬಂದಿದ್ದೇನೆ. ಹಾಲು ಒಲೆಯ ಮೇಲಿಟ್ಟು ಮರೆಯುತ್ತೇನೆ, ಬಾಯಿಗೆ ಬಂದ ಹೆಸರು ಹೊರಗೆ ಬರುವುದಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಇಷ್ಟೇ ಎಂದು ಮನೆಯವರು ನಗುತ್ತಾರೆ. ದಿನಾ ಪೇಪರಿನ ಚೌಕ ತುಂಬುತ್ತೇನೆ. ತುಂಬಿದ ಮೇಲೆ ಮನೆಗಳನ್ನು ಎಣಿಸುತ್ತೇನೆ, ಅಚ್ಚಾದ ಚೌಕದಲ್ಲಿ ಮನೆ ಹೆಚ್ಚುಕಡಿಮೆ ಆಗುವುದಿಲ್ಲವೆಂದು ಗೊತ್ತಿದ್ದೂ. ಸೊಸೆ ಚುರುಕಾದ ಹುಡುಗಿ, ಕಲಿಸಿದರೆ ಒಂದೇ ವಾರದಲ್ಲಿ ಕಲಿತಾಳು. "ಬಾ, ಕೂಡು, ನಾನು ತುಂಬಿದ್ದನ್ನು ತಪಾಸಿ ನೋಡು" ಅನ್ನುವ ಮಾತು ಎಷ್ಟೋ ಸಲ ಗಂಟಲಿಗೆ ಬಂದಿದೆ. ಈ ತನಕ ಕರೆದಿಲ್ಲ. ಆ ಕೆಲಸ ಎಂಥದ್ದೆಂದು ನನಗೆ ಗೊತ್ತು.