ಬಿಳಿ ದಾರದ ಚೀಲಕ್ಕೆ ಕೊಸರು

ಔಷಧಿ ಅಂಗಡಿಯ ಗಲ್ಲಾದ ಹಿಂದೆ ಕೂತೂ ಕೂತೂ ತಲೆ ನರೆಸಿಕೊಂಡ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಗುಳಿಗೆಯಪ್ಪ. ಚೀಟಿಯಲ್ಲಿ ಬರೆದದ್ದಕ್ಕಿಂತ ಅರ್ಧ ಗುಳಿಗೆ ಹೆಚ್ಚಿಗೆ ಕೇಳಿದರೂ ಕೊಡುವ ಆಸಾಮಿಯಲ್ಲ. ಒಮ್ಮೆ ಸ್ವಂತ ಅತ್ತೆಯೇ ಬಂದು, “ಪ್ರಯಾಣ ಹೊರಟಿದೀನಿ, ಇನ್ನೊಂದೆರಡು ಹಾಕಿ ಅಳಿಯಂದ್ರೇ” ಎಂದು ಗೋಗರೆದಾಗಲೂ, “ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ ಅತ್ತೆ” ಎಂದು ತಲೆಯೆತ್ತದೆ ಹೇಳಿ ಕಳಿಸಿದ ಭೂಪ. ಅವತ್ತು ಮುನಿಸಿಕೊಂಡು ಹೋದ ಅತ್ತೆಗೆ ಮತ್ತೆ ಮಗಳ ಮನೆಯ ಹೊಸ್ತಿಲು ತುಳಿಯಲು ವರ್ಷ ಹಿಡಿಯಿತು. ಇಂಥವನ ಕೈಯಿಂದ ಒಂದು ಜೀವಕ್ಕೆ ಕುತ್ತು ಬಂತು ಎಂದರೆ ಯಾರು ನಂಬಿಯಾರು? ಬಂತು. ಗುಳಿಗೆಯಿಂದಲ್ಲ, ಬಾಳೆಹಣ್ಣಿನಿಂದ.

ಹೇಳಬೇಕೆಂದರೆ ಅವನ ಅಪ್ಪನಿಂದಲೇ ಶುರು ಮಾಡಬೇಕು. ಅಪ್ಪ ತರಕಾರಿ ಮಾರುತ್ತಿದ್ದವನು. ತೂಕ ಮುಗಿದ ಮೇಲೆ ಒಂದು ಹಿಡಿ ಸೊಪ್ಪನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಮೇಲೆ ಎಸೆಯದೆ ಗಿರಾಕಿಯನ್ನು ಕಳಿಸಿದವನಲ್ಲ. “ತೂಕ ತಕ್ಕಡೀದು ಕಣೋ, ಕೊಸರು ನಮ್ಮ ಮನಸ್ಸಿಂದು” ಎನ್ನುತ್ತಿದ್ದ. ಮಗ ಓದಿ ಔಷಧಿ ಅಂಗಡಿ ಇಟ್ಟ. ಔಷಧಿಗೆಲ್ಲಿಯ ಕೊಸರು? ಆ ಗುಣ ಒಳಗೇ ಮುದುಡಿ ಕೂತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ಹೀಗಿರುವಾಗ ದೊಡ್ಡಾಸ್ಪತ್ರೆಯವರು ಹೊಸ ಏರ್ಪಾಟು ತಂದರು. ವರ್ಷಗಟ್ಟಲೆ ಕಾಯಿಲೆ ಹೊತ್ತು ತಿರುಗುವವರಿಗೆ ಗುಳಿಗೆಯ ಜೊತೆ ಆಹಾರವನ್ನೂ ಚೀಟಿಯಲ್ಲಿ ಬರೆದುಕೊಡುವುದು; ಅದನ್ನು ಹತ್ತಿರದ ಔಷಧಿ ಅಂಗಡಿಯಲ್ಲಿ ವಾರವಾರ ಪುಕ್ಕಟೆ ಕೊಡುವುದು. ಸಕ್ಕರೆ ಕಾಯಿಲೆ, ಬಿಪಿಯವರಿಗೆ ನೀಲಿ ದಾರದ ಚೀಲ: ಸೊಪ್ಪು, ಟೊಮೆಟೊ, ಕಾಳು, ಕಿತ್ತಳೆ, ಒಂದೆರಡು ಬಾಳೆಹಣ್ಣು. ಕಿಡ್ನಿ ಕೆಟ್ಟವರಿಗೆ ಬಿಳಿ ದಾರದ್ದು: ಎಲೆಕೋಸು, ಸೌತೆಕಾಯಿ, ಎರಡು ಸೇಬು. ಏರ್ಪಾಟನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಮೊದಲ ದಿನವೇ ಬಂದು, “ಇದೂ ಔಷಧೀನೇ ಅಂತ ತಿಳ್ಕೊಳ್ಳಿ. ಬಿಳಿ ದಾರದ ಚೀಲಕ್ಕಂತೂ ಏನೂ ಸೇರಿಸ್ಬೇಡಿ, ಏನೂ ತೆಗೀಬೇಡಿ” ಎಂದಿದ್ದರು. ಗುಳಿಗೆಯಪ್ಪ ಹೂಂಗುಟ್ಟಿದ. ಅವರು ಅತ್ತ ಹೋದ ಮೇಲೆ ಇತ್ತ ಹೆಂಡತಿಯ ಬಳಿ ಗೊಣಗಿದ: “ನೀಲಿಯವ್ರಿಗೆ ಹಬ್ಬ, ಬಿಳಿಯವ್ರಿಗೆ ಉಪವಾಸ. ಜಿಪುಣತನಕ್ಕೂ ಒಂದು ಮಿತಿ ಬೇಡ್ವಾ?”

“ನಿಮಗ್ಯಾಕೆ ಊರ ಉಸಾಬರಿ? ಬರೆದಷ್ಟು ಕಟ್ಟಿ ಕೊಡಿ” ಎಂದಳು ಹೆಂಡತಿ. ಅವಳ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಚೀಲಗಳನ್ನೆಲ್ಲ ಹೊಲಿದುಕೊಟ್ಟವಳು ಪಕ್ಕದ ಬೀದಿಯ ಟೈಲರಕ್ಕ. ಗುಳಿಗೆಯಪ್ಪನ ಮೊದಲ ಶಾಲೆ ಅಂಗಿಯಿಂದ ಹಿಡಿದು ಮದುವೆ ಕೋಟಿನವರೆಗೆ ಎಲ್ಲ ಅವಳ ಮಿಷನ್ನಿನ ಕೆಳಗೇ ಓಡಿದ್ದು. ಒಡಹುಟ್ಟಿದವಳಲ್ಲ, ಆದರೂ ಬಾಯ್ತುಂಬ ಅಕ್ಕ. ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವಳ ಗಂಡ ಅವನಿಗೆ ಭಾವ. ಅಕ್ಕನ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿತ್ತು. ತಾನೇ ಹೊಲಿದ ಬಿಳಿ ದಾರದ ಚೀಲಕ್ಕೆ ತಾನೇ ಕೈಯೊಡ್ಡಿ ನಿಂತ ದಿನ ಅವಳು ಒಳಗೆ ಇಣುಕಿ ಮುಖ ಸಿಂಡರಿಸಿದಳು.

“ಇದೇನೋ ಇದು, ಮೊಲ ಸಾಕಿದೀಯೇನೋ?”

ಗುಳಿಗೆಯಪ್ಪ ಎದ್ದು ಹಿಂದಿನ ಕೋಣೆಗೆ ಹೋದ. ಯಾರಾದರೂ ಒಯ್ಯದೆ ಬಿಟ್ಟ ನೀಲಿ ಚೀಲಗಳು ವಾರವಾರ ಎರಡು ಮೂರು ಅಲ್ಲೇ ಉಳಿಯುತ್ತಿದ್ದವು. ಕೈ ತಾನಾಗಿಯೇ ಅವುಗಳೊಳಗೆ ಹೋಯಿತು. ನಾಲ್ಕು ಬಾಳೆಹಣ್ಣು, ಒಂದು ಕಂತೆ ಸೊಪ್ಪು, ಎರಡು ಕಿತ್ತಳೆ. “ತಗೋ ಅಕ್ಕ, ಕೊಸರು” ಎಂದ. ಅಪ್ಪ ಸತ್ತ ಮೇಲೆ ಆ ಪದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಅಕ್ಕ ನಕ್ಕಳು. ಅವನಿಗೆ ಎಷ್ಟು ಹಿಗ್ಗಾಯಿತೆಂದರೆ ಮರುವಾರವೂ ಹಾಕಿದ, ಅದರ ಮರುವಾರವೂ ಹಾಕಿದ. ಹಣ್ಣು ತಾನೇ, ವಿಷವೇ?

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಬಾಳೆಹಣ್ಣು ಮುಟ್ಟಬೇಡ ಎಂದು ಆಸ್ಪತ್ರೆಯಲ್ಲಿ ಅಕ್ಕನಿಗೆ ಹಿಂದೆಯೇ ಹೇಳಿದ್ದರು, ಅವಳು ಬಿಟ್ಟೂ ಬಿಟ್ಟಿದ್ದಳು. ಈಗ ಔಷಧಿ ಅಂಗಡಿಯ ಚೀಲದಲ್ಲೇ ಬಂದಿದೆ! ಅರ್ಧ ಗುಳಿಗೆ ಹೆಚ್ಚು ಕೊಡದ ಗುಳಿಗೆಯಪ್ಪನೇ ಕೈಯಾರೆ ಕೊಟ್ಟಿದ್ದಾನೆ! ಚೀಟಿಯಲ್ಲಿ ಬರೆಯದ್ದನ್ನು ಅವನು ಕೊಟ್ಟಾನೆಯೇ? ಕೊಸರು ಎಂದದ್ದು ಅವನ ತಮಾಷೆ ಎಂದುಕೊಂಡರು ಗಂಡ ಹೆಂಡತಿ. ಡಾಕ್ಟರು ಪಥ್ಯ ಬದಲಿಸಿದ್ದಾರೆ ಎಂದುಕೊಂಡರು.

ಕೆಲವು ವಾರ ಕಳೆದವು. ಅಕ್ಕ ಬಂದಾಗ ಗಲ್ಲಾದ ಅಂಚು ಹಿಡಿದು ನಿಲ್ಲತೊಡಗಿದಳು.

“ಯಾಕಕ್ಕ?”

“ಕಾಲು ಕೊರಡಾಗಿದೆ ಕಣೋ. ಬೆರಳೂ ಜೋಮು ಹಿಡ್ದಂಗೆ. ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ, ನಾನಂತೆ ಟೈಲರು!”

“ಸರಿಯಾಗಿ ತಿಂತಿಲ್ಲ ನೀನು. ನೋಡು, ಮೈಯಲ್ಲಿ ಕಸುವೇ ಇಲ್ಲ” ಎಂದು ಗದರಿಸಿ ಅವತ್ತು ಕೊಸರು ದುಪ್ಪಟ್ಟು ಹಾಕಿದ. ಅಯ್ಯೋ ಪುಣ್ಯಾತ್ಮ! ಬೇರೆ ಯಾರಾದರೂ ಬಂದು ಕಾಲು ಕೊರಡು ಎಂದಿದ್ದರೆ “ಮೊದಲು ರಕ್ತ ಪರೀಕ್ಷೆ ಮಾಡಿಸಿ” ಎನ್ನುತ್ತಿದ್ದವನಿಗೆ ಅವತ್ತು ಅಕ್ಕರೆ ಕಣ್ಣಿಗೆ ಅಡ್ಡ ಬಂತು. ಅಕ್ಕ ಬೀದಿಯ ತಿರುವಿನಲ್ಲಿ ಗೋಡೆಗೆ ಕೈಯೂರಿ ನಿಂತು, ಸುಧಾರಿಸಿಕೊಂಡು, ಮತ್ತೆ ನಡೆದದ್ದನ್ನು ಅವನು ಕೂತಲ್ಲಿಂದಲೇ ನೋಡಿದ. ಮನಸ್ಸಿಗೆ ಏನೋ ಸರಿ ಕಾಣಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಕೆಮ್ಮಿನ ಔಷಧಿ ಕೇಳಿದ.

ಮುಂದಿನ ವಾರ ಡಾಕ್ಟರಮ್ಮ ಏರ್ಪಾಟು ಹೇಗೆ ನಡೆದಿದೆ ನೋಡಲು ಬಂದರು. ಹಿಂದಿನ ಕೋಣೆಯಲ್ಲಿ ಚೀಲಗಳು ಸಾಲಾಗಿ ಕೂತಿದ್ದವು. ಒಂದು ಬಿಳಿ ದಾರದ ಚೀಲ ಬಾಯಿ ಮುಚ್ಚಲಾರದೆ ಉಬ್ಬಿತ್ತು. ಅವರು ದಾರ ಸಡಿಲಿಸಿದರು.

“ಬಾಳೆಹಣ್ಣು ಯಾರು ಹಾಕಿದ್ದು ಇದಕ್ಕೆ?”

“ಕೊಸರು ಡಾಕ್ಟರಮ್ಮ” ಎಂದು ಅವನು ಹಲ್ಲು ಕಿರಿದ. “ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ.”

ಅವರು ನಗಲಿಲ್ಲ. “ಎಷ್ಟು ದಿನದಿಂದ ಹಾಕ್ತಿದೀರಿ?” ಎಂದು ಕೇಳಿದ ದನಿಗೆ ಅವನ ನಗು ಮುಖದಲ್ಲೇ ಹೆಪ್ಪುಗಟ್ಟಿತು. “ಈ ಹಣ್ಣು, ಸೊಪ್ಪಲ್ಲಿ ಇರೋ ಪೊಟ್ಯಾಸಿಯಂನ ಕೆಟ್ಟ ಕಿಡ್ನಿ ಹೊರಗೆ ಹಾಕಲ್ಲ. ರಕ್ತದಲ್ಲೇ ಉಳಿದು ಎದೆಬಡಿತ ನಿಲ್ಸಿಬಿಡುತ್ತೆ. ನೀವು ಓದಿಲ್ವೇನ್ರೀ ಇದನ್ನ?”

ಓದಿದ್ದ. ಪೊಟ್ಯಾಸಿಯಂ ಸಿರಪ್ಪಿನ ಬಾಟಲಿಯನ್ನು ಚೀಟಿಯಿಲ್ಲದೆ ಯಾರಿಗೂ ತೋರಿಸಿದವನೂ ಅಲ್ಲ. ಬಾಟಲಿಯೊಳಗಿದ್ದದ್ದೇ ಬಾಳೆಹಣ್ಣಿನೊಳಗೂ ಇದೆ ಎಂಬುದು ಮಾತ್ರ ಕೊಸರಿನ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ. ಬಿಳಿ ಚೀಲದವನು ಇನ್ನೊಬ್ಬನಿದ್ದ, ಚಿಲ್ಲರೆಗೆಲ್ಲ ಜಗಳ ತೆಗೆಯುವ ಸಿಡುಕ. ಅವನಿಗೆ ಒಮ್ಮೆಯೂ ಕೊಸರು ಹಾಕಿರಲಿಲ್ಲ. ಅವನು ಈಗಲೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾನೆ.

ಗುಳಿಗೆಯಪ್ಪ ಚಪ್ಪಲಿ ಮೆಟ್ಟದೆ ಓಡಿದ. ಅಕ್ಕನ ಮನೆಯ ಬಾಗಿಲು ಹಾರುಹೊಡೆದಿತ್ತು. ಮಿಷನ್ನಿನ ಮೇಲೆ ಅರ್ಧ ಹೊಲಿದ ಅಂಗಿಯ ತೋಳು, ಪಕ್ಕದ ತಟ್ಟೆಯಲ್ಲಿ ಕಪ್ಪಗಾದ ಬಾಳೆ ಸಿಪ್ಪೆ. ಒಳಗೆ ಯಾರೂ ಇಲ್ಲ. ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಿದ್ದಳು. “ಕೂತಲ್ಲೇ ಕುಸಿದ್ಲಂತೆ. ಈಗ ತಾನೇ ಆಸ್ಪತ್ರೆಗೆ ಎತ್ಕೊಂಡು ಹೋದ್ರು” ಎಂದಳು. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಬೆಂಚಿನ ಮೇಲೆ ಅಕ್ಕನ ಕನ್ನಡಕ ಹಿಡಿದುಕೊಂಡು ಕೂತಿದ್ದರು.

“ಮನೆಯವರಿಗೆ ನಿಜ ಹೇಳ್ಬೇಕು” ಎಂದರು ಡಾಕ್ಟರಮ್ಮ ಮರುದಿನ. “ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ” ಎಂದ. ಅವರು ನಂಬಿ ಬಿಟ್ಟರು. ಹೇಳಲಿಲ್ಲ. ಇವತ್ತು ಬೇಡ, ನಾಳೆ. ದುಃಖ ಹಸಿಯಾಗಿದೆ, ಸ್ವಲ್ಪ ಆರಲಿ. ಹೇಡಿಗೆ ನೆಪಕ್ಕೇನು ಬರ? ಹೆಂಡತಿ ಮಾತ್ರ ಒಂದೇ ಸಲ, “ಅವರಿಗೆ ಬೇರೆ ಯಾರ ಬಾಯಿಂದಾದ್ರೂ ಗೊತ್ತಾದ್ರೆ?” ಎಂದು ಕೇಳಿದಳು. ಅಲ್ಲಿಂದಾಚೆ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಭಾವನೇ ಬಂದರೇನೋ ಎಂದು ಅವನು ಇಣುಕುತ್ತಿದ್ದ. ಚೀಲಗಳು ಈಗ ಆಸ್ಪತ್ರೆಯಿಂದಲೇ ಬಾಯಿ ಹೊಲಿದು ಬರುತ್ತಿದ್ದವು.

ಕೊನೆಗೊಂದು ದಿನ ಭಾವನ ನೆರಳೇ ಬಿತ್ತು. ಮನುಷ್ಯ ಅರ್ಧಕ್ಕೆ ಇಳಿದಿದ್ದರು. ಗಲ್ಲಾದ ಮೇಲೆ ತಮ್ಮ ಹೊಸ ಚೀಟಿ ಇಟ್ಟರು.

“ನನಗೂ ಸಕ್ಕರೆ ಕಾಯಿಲೆಯಂತಪ್ಪ. ನಿನ್ನ ಅಂಗಡೀಲೇ ಚೀಲ ತಗೊಳ್ಳಿ ಅಂದ್ರು ಆಸ್ಪತ್ರೇಲಿ.” ಆಮೇಲೆ ದನಿ ತಗ್ಗಿಸಿದರು. “ಕೊನೆ ಕೊನೆಗೆ ಅವಳು ಒಂಚೂರು ಬಾಯಿ ರುಚಿ ಕಂಡಿದ್ದು ನಿನ್ನ ಕೈಯಿಂದ ಕಣೋ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಡಾಕ್ಟ್ರು ಬರೆದ್ರು ಅಂತ ಅವಳಿಗೆ ಹಾಕ್ತಿದ್ಯಲ್ಲ ಆ ಹಣ್ಣು, ನನಗೂ ಹಾಗೇ ಹಾಕು.”

ಗುಳಿಗೆಯಪ್ಪ ನೀಲಿ ದಾರದ ಚೀಲ ತಂದು ಗಲ್ಲಾದ ಮೇಲಿಟ್ಟ. ಕೈ ಅಲ್ಲೇ ನಿಂತಿತು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಈ ಜನ್ಮದಲ್ಲಿ ಹೇಳಲಾರೆ ಎಂದು ಗೊತ್ತಾಯಿತು.

“ಭಾವ, ಅದು ಚೀಟೀಲಿ ಬರೆದಿದ್ದಲ್ಲ. ನಾನೇ ಹಾಕಿದ್ದು. ಅಕ್ಕಂಗೆ ಆ ಹಣ್ಣು ಕೊಡಬಾರ್ದಿತ್ತು. ಅದ್ರಿಂದಲೇ ಎದೆ ನಿಂತಿದ್ದು.”

ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಬೀದಿಗೆಳೆದು ಹೊಡೆಯಲಿ ಎಂದು ಅವನು ತಲೆ ತಗ್ಗಿಸಿ ಕಾದ. ಏನೂ ಆಗಲಿಲ್ಲ. ತಲೆಯೆತ್ತಿ ನೋಡಿದರೆ, ಭಾವ ಅವನನ್ನು ನೋಡುತ್ತಲೇ ಇರಲಿಲ್ಲ. ತಮ್ಮ ಬಲಗೈಯನ್ನು ಕಣ್ಣ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

“ಅವಳಿಗೆ ಬೆರಳು ಆಡ್ತಿರ್ಲಿಲ್ಲ. ಸಿಪ್ಪೆ ಸುಲಿದು ಬಾಯಿಗೆ ಇಡ್ತಿದ್ದೋನು ನಾನು” ಎಂದರು. “ಸಾಕು, ಸೇರಲ್ಲ ಅಂದ್ಲು ಕಣೋ ಅವತ್ತು. ಔಷಧಿ ಅರ್ಧಕ್ಕೆ ಬಿಡಬಾರ್ದು ಕಣೇ ಅಂತ ನಾನೇ ಬಲವಂತ ಮಾಡಿ ತಿನ್ಸಿದೆ.”